ಮೋಡವನ್ನು ತಂತಿಗೆ ಒಣಹಾಕುವುದು ಹೇಗೆ? ಫೋಟೋ ಕಾಂಪೋಸಿಟ್ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಹೆಂಗಸೊಬ್ಬಳು ಬಟ್ಟೆಯ ತಂತಿಗೆ ಮೋಡಗಳನ್ನು ಕ್ಲಿಪ್ ಹಾಕಿ ಒಣಗಲು ಬಿಡುತ್ತಿದ್ದಾಳೆ. ಇಂಥದ್ದೊಂದು ಚಿತ್ರ ಮಾಡಿದ ಮೇಲೆ ನನಗೆ ಬಂದ ಪ್ರಶ್ನೆಗಳು ಒಂದೆರಡಲ್ಲ. ಒಬ್ಬೊಬ್ಬರಿಗೂ ಬೇರೆ ಬೇರೆ ಉತ್ತರ ಬರೆದು ಸಾಕಾಗಿ ಎಲ್ಲವನ್ನೂ ಇಲ್ಲಿ ಒಟ್ಟಿಗೆ ಹಾಕಿದ್ದೇನೆ. ಉದಾಹರಣೆಗೆ ಅದೇ ಮೋಡದ ಚಿತ್ರ ಮತ್ತೆ ಮತ್ತೆ ಬರುತ್ತದೆ, ಬೇಸರ ಮಾಡಿಕೊಳ್ಳಬೇಡಿ.

ಎಡಿಟ್ ಮಾಡಿದ ಫೋಟೋಗೂ ಕಾಂಪೋಸಿಟ್‌ಗೂ ಏನು ವ್ಯತ್ಯಾಸ?

ಒಂದೇ ಫೋಟೋದ ಬೆಳಕು, ಬಣ್ಣ ತಿದ್ದಿದರೆ ಅದು ಎಡಿಟಿಂಗ್. ಬೇರೆ ಬೇರೆ ಹೊತ್ತಿನಲ್ಲಿ, ಬೇರೆ ಬೇರೆ ಕಡೆ ತೆಗೆದ ಎರಡೋ ಇಪ್ಪತ್ತೋ ಫೋಟೋಗಳ ತುಣುಕು ಸೇರಿಸಿ, ಎಲ್ಲವೂ ಒಂದೇ ಕ್ಲಿಕ್ಕಿಗೆ ಸಿಕ್ಕಿದ್ದು ಅನ್ನಿಸಿದರೆ ಅದು ಕಾಂಪೋಸಿಟ್. ಕೊಲಾಜ್‌ನಲ್ಲೂ ತುಣುಕುಗಳಿರುತ್ತವೆ, ಆದರೆ ಅಲ್ಲಿ ಅಂಟಿಸಿದ ಗೆರೆ ಕಂಡರೇ ಚೆಂದ. ಇಲ್ಲಿ ಕಾಣಬಾರದು.

ಇದೆಲ್ಲ ಕಂಪ್ಯೂಟರ್ ಬಂದ ಮೇಲೆ ಶುರುವಾದದ್ದು ತಾನೆ?

ಅಲ್ಲ. ಫೋಟೋಗ್ರಫಿ ಹುಟ್ಟಿ ಇಪ್ಪತ್ತು ವರ್ಷ ತುಂಬುವ ಮೊದಲೇ ಶುರುವಾಗಿತ್ತು. ಆಗ ಫಿಲ್ಮಿನ ಬದಲು ಬಳಸುತ್ತಿದ್ದ ಗಾಜಿನ ಪ್ಲೇಟುಗಳಿಗೆ ನೀಲಿ ಬೆಳಕು ಕಂಡರೆ ಸಾಕು, ಆಕಾಶವೆಲ್ಲ ಬೆಳ್ಳಗೆ ಸುಟ್ಟುಹೋಗುತ್ತಿತ್ತು. ಅದಕ್ಕೆ ಫ್ರಾನ್ಸಿನ ಗುಸ್ತಾವ್ ಲ ಗ್ರೇ 1850ರ ದಶಕದಲ್ಲಿ ಕಡಲಿಗೊಂದು, ಆಕಾಶಕ್ಕೊಂದು ಅಂತ ಎರಡು ನೆಗೆಟಿವ್ ತೆಗೆದು, ದಿಗಂತದ ಗೆರೆಯಲ್ಲಿ ಕೂಡಿಸಿ ಒಂದೇ ಪ್ರಿಂಟ್ ಹಾಕುತ್ತಿದ್ದ. 1857ರಲ್ಲಿ ಆಸ್ಕರ್ ರೈಲಾಂಡರ್ ಮೂವತ್ತಕ್ಕೂ ಹೆಚ್ಚು ನೆಗೆಟಿವ್‌ಗಳನ್ನು ಒಂದೊಂದಾಗಿ ಪ್ರಿಂಟ್ ಮಾಡಿ, ನಾಟಕದ ದೃಶ್ಯದಂಥ ಒಂದು ದೊಡ್ಡ ಚಿತ್ರ ಮಾಡಿದ. ಅಮೆರಿಕದ ಜೆರ್ರಿ ಯೂಲ್ಸ್‌ಮನ್ ಡಾರ್ಕ್‌ರೂಮಿನಲ್ಲಿ ನೆಗೆಟಿವನ್ನು ದೊಡ್ಡದು ಮಾಡಿ ಕಾಗದದ ಮೇಲೆ ಬೀಳಿಸುವ ಎನ್‌ಲಾರ್ಜರ್‌ಗಳನ್ನು ಸಾಲಾಗಿ ಇಟ್ಟುಕೊಂಡು, ಒಂದೇ ಕಾಗದವನ್ನು ಒಂದರಿಂದ ಇನ್ನೊಂದಕ್ಕೆ ದಾಟಿಸುತ್ತ ಕನಸಿನಂಥ ಚಿತ್ರಗಳನ್ನು ಮಾಡಿದ. ಫೋಟೋಶಾಪ್ ಬಂದದ್ದು 1990ರಲ್ಲಿ. ಲೇಯರ್, ಅಂದರೆ ಒಂದರ ಮೇಲೊಂದು ಇಡುವ ಪಾರದರ್ಶಕ ಹಾಳೆಯಂಥ ಪದರ, ಅದರೊಳಗೆ ಸೇರಿದ್ದು 1994ರಲ್ಲಿ, ಮೂರನೇ ಆವೃತ್ತಿಯಲ್ಲಿ. ಅದಕ್ಕೂ ಮೊದಲು ಒಂದು ತುಣುಕು ಅಂಟಿಸಿ ಆಯ್ಕೆ ಬಿಟ್ಟರೆ ಮುಗಿಯಿತು, ಅದು ಕೆಳಗಿನ ಚಿತ್ರದಲ್ಲಿ ಬೆರೆತೇ ಹೋಗುತ್ತಿತ್ತು. ಆ ಕಾಲದಲ್ಲಿ ಕೆಲಸ ಮಾಡಿದವರ ತಾಳ್ಮೆಗೆ ನನ್ನ ನಮಸ್ಕಾರ.

ಯಾವ ಸಾಫ್ಟ್‌ವೇರ್ ಬೇಕು? ದುಡ್ಡು ಕೊಡಲೇಬೇಕಾ?

ಬೇಕಿಲ್ಲ. ಲೇಯರ್, ಅದರ ಬೇಡದ ಭಾಗ ಮರೆಮಾಡುವ ಲೇಯರ್ ಮಾಸ್ಕ್, ಮೇಲಿನ ಲೇಯರ್ ಕೆಳಗಿನದರಲ್ಲಿ ಹೇಗೆ ಬೆರೆಯಬೇಕು ಅಂತ ಹೇಳುವ ಬ್ಲೆಂಡ್ ಮೋಡ್, ಬೆಳಕು ಕತ್ತಲೆ ತಿದ್ದುವ ಕರ್ವ್ಸ್ ಮತ್ತು ಒಂದು ಮೆತ್ತನೆಯ ಬ್ರಷ್, ಈ ಐದು ಯಾವುದರಲ್ಲಿವೆಯೋ ಅದರಲ್ಲಿ ಕೆಲಸ ಆಗುತ್ತದೆ. ಗಿಂಪ್ ಉಚಿತ. 2025ರಲ್ಲಿ ಬಂದ ಅದರ 3.0 ಆವೃತ್ತಿಯಲ್ಲಿ ಹಾಕಿದ ಫಿಲ್ಟರನ್ನು ಆಮೇಲೂ ತಿದ್ದಬಹುದು. ಅಲ್ಲಿಯವರೆಗೆ ಅದೊಂದು ದೊಡ್ಡ ಕೊರತೆಯಾಗಿತ್ತು. ಕ್ರಿತಾ ಕೂಡ ಉಚಿತ, ಆದರೆ ಅದು ಮೂಲತಃ ಚಿತ್ರ ಬಿಡಿಸುವವರದು. ಫೋಟೋಪಿಯಾ ಬ್ರೌಸರಿನಲ್ಲೇ ತೆರೆಯುತ್ತದೆ, ನೋಡಲು ಫೋಟೋಶಾಪಿನ ತಮ್ಮನ ಹಾಗಿದೆ. ನಾನು ಬಳಸುವುದು ಫೋಟೋಶಾಪ್, ಕಾರಣ ಬರೀ ಅಭ್ಯಾಸ.

ಮೊಬೈಲಿನಲ್ಲಿ ಆಗುತ್ತದಾ?

ಆಗುತ್ತದೆ, ಆದರೆ ಕೂದಲಿನ ಅಂಚನ್ನು ಬೆರಳಲ್ಲಿ ಮಾಸ್ಕ್ ಮಾಡಲು ಹೊರಟವರು ಎರಡನೇ ದಿನ ಕೈಬಿಡುತ್ತಾರೆ. ಐಡಿಯಾ ಚೆನ್ನಾಗಿದೆಯೋ ಇಲ್ಲವೋ ಅಂತ ಒರಟಾಗಿ ಜೋಡಿಸಿ ನೋಡಲು ಮೊಬೈಲ್ ಸಾಕು.

ಇಂಥ ಐಡಿಯಾಗಳು ಹೊಳೆಯುವುದು ಹೇಗೆ? ನಾನು ಕೂತರೆ ಬರೀ ಹಾರುವ ತಿಮಿಂಗಿಲವೇ ಬರುತ್ತದೆ.

ಹಾರುವ ತಿಮಿಂಗಿಲ ಎಲ್ಲರಿಗೂ ಬರುತ್ತದೆ. ನನ್ನ ಹಾರ್ಡ್ ಡಿಸ್ಕಿನಲ್ಲೂ ಎರಡಿವೆ, ಯಾರಿಗೂ ತೋರಿಸಿಲ್ಲ.

ಅದ್ಭುತವಾದದ್ದನ್ನು ಹುಡುಕಿಕೊಂಡು ಹೋಗುವುದಕ್ಕಿಂತ, ತೀರಾ ಮಾಮೂಲಿ ಕೆಲಸವೊಂದನ್ನು ಹಿಡಿದು ಅದರಲ್ಲಿ ಒಂದೇ ಒಂದು ವಸ್ತುವನ್ನು ಬದಲಾಯಿಸಿ ನೋಡಿ. ಬಟ್ಟೆ ಒಣಹಾಕುವುದು ಮಾಮೂಲಿ, ಬಟ್ಟೆಯ ಜಾಗಕ್ಕೆ ಮೋಡ ಬಂತು, ಅಷ್ಟೇ. ಕಸ ಗುಡಿಸುವವನು ನೆರಳುಗಳನ್ನು ಗುಡಿಸಬಹುದು. ರಸ್ತೆಯನ್ನು ಚಾಪೆಯ ಹಾಗೆ ಸುತ್ತಿಟ್ಟು ಹೆಗಲ ಮೇಲೆ ಹೊತ್ತು ಹೋಗಬಹುದು. ನನ್ನ ಮಟ್ಟಿಗೆ ಒಂದು ಚಿತ್ರಕ್ಕೆ ಒಂದೇ ಸುಳ್ಳು. ಮೋಡವೂ ತಂತಿಯ ಮೇಲೆ, ಹೆಂಗಸಿಗೆ ರೆಕ್ಕೆಯೂ ಇದೆ, ಹಿಂದೆ ಮೂರು ಚಂದ್ರರೂ ಇದ್ದಾರೆ ಅಂದರೆ ನೋಡುವವರು ಯಾವುದಕ್ಕೂ ಬೆರಗಾಗುವುದಿಲ್ಲ. ಉಳಿದದ್ದೆಲ್ಲ ನಿಜವಾಗಿದ್ದಾಗ ಆ ಒಂದು ಸುಳ್ಳಿಗೆ ತೂಕ ಬರುತ್ತದೆ.

ತೂಕ ಅಂದದ್ದು ಬಾಯಿಮಾತಿಗಲ್ಲ. ನನ್ನ ಚಿತ್ರದ ಮೊದಲ ಪ್ರಯತ್ನದಲ್ಲಿ ತಂತಿ ಸೆಟೆದು ನಿಂತಿತ್ತು, ಮೋಡಗಳು ತೇಲುತ್ತಿದ್ದವು. ಸುಂದರವಾಗಿತ್ತು, ಆದರೆ ಯಾಕೋ ಕತೆ ಇರಲಿಲ್ಲ. ಆಮೇಲೆ ಹೊಳೆಯಿತು: ಒಗೆದ ಮೋಡ ಅಂದಮೇಲೆ ಒದ್ದೆ ಇರಬೇಕಲ್ಲ! ತಂತಿಯನ್ನು ವಾರ್ಪ್ ಮಾಡಿ ನಡುವೆ ಜೋಲಿಸಿದೆ. ಕ್ಲಿಪ್ ಕಚ್ಚಿದ ಕಡೆ ಮೋಡವನ್ನು ಲಿಕ್ವಿಫೈ ಅನ್ನುವ ಫಿಲ್ಟರಿನಲ್ಲಿ ಒಳಕ್ಕೆ ಒತ್ತಿ ಸುಕ್ಕು ಮಾಡಿದೆ. ತಳದಿಂದ ನಾಲ್ಕು ಹನಿ ತೊಟ್ಟಿಕ್ಕಿಸಿ, ಕೆಳಗಿನ ಮಣ್ಣನ್ನು ಕರ್ವ್ಸ್‌ನಲ್ಲಿ ಒಂಚೂರು ಕಪ್ಪು ಮಾಡಿದೆ. ಜನ ಮೋಡ ನೋಡಿ ನಗುವುದಿಲ್ಲ, ಆ ಒದ್ದೆ ಮಣ್ಣು ನೋಡಿ ನಗುತ್ತಾರೆ.

ಫೋಟೋಗಳನ್ನು ನಾನೇ ತೆಗೆಯಬೇಕಾ, ಇಂಟರ್ನೆಟ್ಟಿನಿಂದ ತಗೊಳ್ಳಬಹುದಾ?

ಮುಖ್ಯ ಪಾತ್ರವನ್ನೂ ನೆಲವನ್ನೂ ಆದಷ್ಟು ನೀವೇ ತೆಗೆಯಿರಿ. ಕ್ಯಾಮೆರಾದ ಎತ್ತರ, ಬೆಳಕಿನ ದಿಕ್ಕು ನಿಮ್ಮ ಕೈಯಲ್ಲಿರುತ್ತದೆ. ಒಂದೇ ಜಾಗದಲ್ಲಿ ಹಲವು ತುಣುಕು ಬೇಕಿದ್ದರೆ ಟ್ರೈಪಾಡ್ ಹಾಕಿ, ಎಕ್ಸ್‌ಪೋಷರ್, ಫೋಕಸ್, ವೈಟ್ ಬ್ಯಾಲೆನ್ಸ್ ಮೂರನ್ನೂ ಮ್ಯಾನುಯಲ್ ಮಾಡಿ. ಕೊನೆಗೆ ಯಾರೂ ಇಲ್ಲದ ಖಾಲಿ ಜಾಗದ ಫೋಟೋ ಒಂದು ತೆಗೆಯುವುದನ್ನು ಮರೆಯಬೇಡಿ. ಮನುಷ್ಯ ಗಾಳಿಯಲ್ಲಿ ತೇಲುವ ಚಿತ್ರದ ಗುಟ್ಟೆಲ್ಲ ಆ ಖಾಲಿ ಫೋಟೋದಲ್ಲಿದೆ. ಸ್ಟೂಲಿನ ಮೇಲೆ ಮಲಗಿಸಿ ಒಂದು, ಖಾಲಿ ಒಂದು. ಎರಡನ್ನೂ ಲೇಯರ್ ಮಾಡಿ ಸ್ಟೂಲನ್ನು ಮಾಸ್ಕ್‌ನಲ್ಲಿ ಮರೆಮಾಡಿದರೆ ಆಯಿತು.

ಬೇರೆಯವರ ಫೋಟೋ ಬಳಸುವಾಗ ಲೈಸೆನ್ಸ್ ಓದಿ. ಕ್ರಿಯೇಟಿವ್ ಕಾಮನ್ಸ್‌ನಲ್ಲಿ ಸಿಸಿ ಸೊನ್ನೆ ಅಂತಿದ್ದರೆ ಹೇಗೆ ಬೇಕಾದರೂ ಬಳಸಬಹುದು. ಬಿವೈ ಅಂತಿದ್ದರೆ ತೆಗೆದವರ ಹೆಸರು ಹಾಕಬೇಕು. ಎನ್‌ಡಿ ಅಂತಿದ್ದರೆ ಮಾರ್ಪಡಿಸಿ ಹಂಚುವ ಹಾಗಿಲ್ಲ, ಅಂದರೆ ಕಾಂಪೋಸಿಟ್‌ಗೆ ಅದು ಉಪಯೋಗಕ್ಕೆ ಬಾರದು. ಸರ್ಚ್‌ನಲ್ಲಿ ಕಂಡಿತು ಅನ್ನುವುದು ಲೈಸೆನ್ಸ್ ಅಲ್ಲ.

ಕೂದಲು, ಮೋಡ, ಮರದ ಎಲೆ ಇಂಥದ್ದನ್ನೆಲ್ಲ ಕತ್ತರಿಸುವುದು ಹೇಗೆ?

ಮೊದಲನೆಯದಾಗಿ, ಎರೇಸರ್ ಮುಟ್ಟಬೇಡಿ. ಅಳಿಸಿದ್ದು ಹೋಯಿತು. ಮಾಸ್ಕ್‌ನಲ್ಲಿ ಕಪ್ಪು ಬಳಿದರೆ ಮರೆಯಾಗುತ್ತದೆ, ಬಿಳಿ ಬಳಿದರೆ ವಾಪಸ್ ಬರುತ್ತದೆ, ಬೂದು ಬಳಿದರೆ ಅರೆಬರೆ. ಇಷ್ಟು ಕೈಗೆ ಹತ್ತಿದರೆ ಈ ವಿದ್ಯೆ ಅರ್ಧ ಕಲಿತ ಹಾಗೆ.

ಮೋಡಕ್ಕೆ, ಸುತ್ತ ಗೆರೆ ಎಳೆದು ಕತ್ತರಿಸುವ ಪೆನ್ ಟೂಲ್ ಹಿಡಿದು ಹೋದರೆ ಹತ್ತಿಯ ಉಂಡೆ ಸಿಗುತ್ತದೆ. ಚಿತ್ರದ ಒಂದೊಂದು ಬಣ್ಣದ ಅಂಶವನ್ನು ಬಿಡಿಯಾಗಿ ತೋರಿಸುವ ಚಾನೆಲ್ಸ್ ತೆರೆದು ಕೆಂಪು, ಹಸಿರು, ನೀಲಿ ಮೂರನ್ನೂ ಒಂದೊಂದಾಗಿ ನೋಡಿ. ನೀಲಿ ಆಕಾಶದಲ್ಲಿ ಕೆಂಪಿನ ಅಂಶ ಕಡಿಮೆ, ಹಾಗಾಗಿ ಕೆಂಪು ಚಾನೆಲ್‌ನಲ್ಲಿ ಆಕಾಶ ಕಪ್ಪಗೆ, ಮೋಡ ಬೆಳ್ಳಗೆ ಕಾಣುತ್ತದೆ. ಅದರ ಪ್ರತಿ ಮಾಡಿ, ಲೆವೆಲ್ಸ್‌ನಲ್ಲಿ ಕಪ್ಪನ್ನು ಇನ್ನಷ್ಟು ಕಪ್ಪು ಮಾಡಿ, ಅದನ್ನೇ ಮಾಸ್ಕ್ ಆಗಿ ಬಳಸಿದರೆ ಮೋಡದ ಅಂಚಿನ ಹೊಗೆಯೂ ಉಳಿಯುತ್ತದೆ. ಬಿಳಿ ಆಕಾಶದ ಎದುರಿನ ಕಪ್ಪು ಕೊಂಬೆಗಳಿಗೆ ಇದೇ ಉಪಾಯ ನೀಲಿ ಚಾನೆಲ್‌ನಲ್ಲಿ ಚೆನ್ನಾಗಿ ನಡೆಯುತ್ತದೆ, ಮಾಸ್ಕನ್ನು ತಿರುವುಮುರುವು ಮಾಡಬೇಕು ಅಷ್ಟೇ. ಮನುಷ್ಯರ ಕೂದಲಿಗೆ ಫೋಟೋಶಾಪಿನ ಸೆಲೆಕ್ಟ್ ಅಂಡ್ ಮಾಸ್ಕ್ ಮುಕ್ಕಾಲು ಕೆಲಸ ಮಾಡಿಕೊಡುತ್ತದೆ. ಉಳಿದ ಎಳೆಗಳನ್ನು ಒಂದೆರಡು ಪಿಕ್ಸೆಲ್ಲಿನ ಬ್ರಷ್‌ನಲ್ಲಿ ಹೊಸದಾಗಿ ಬಿಡಿಸುವುದೇ ಸಲೀಸು. ಇದ್ದ ಕೂದಲನ್ನೇ ಉಳಿಸುತ್ತೇನೆ ಅಂತ ಹಟ ಹಿಡಿಯಬೇಡಿ, ನೋಡುವವರು ಎಣಿಸುವುದಿಲ್ಲ.

ಕತ್ತರಿಸಿದ ಸುತ್ತ ಬಿಳಿ ಗೆರೆ ಉಳಿಯುತ್ತದಲ್ಲ?

ಹಳೆಯ ಹಿನ್ನೆಲೆಯ ಬಣ್ಣ ಅಂಚಿನ ಪಿಕ್ಸೆಲ್‌ಗಳಲ್ಲಿ ಬೆರೆತಿರುತ್ತದೆ. ಮಾಸ್ಕನ್ನು ಒಂದೆರಡು ಪಿಕ್ಸೆಲ್ ಒಳಕ್ಕೆ ಸರಿಸಿ. ಹೋಗದಿದ್ದರೆ ಮೇಲೊಂದು ಖಾಲಿ ಲೇಯರನ್ನು ಕ್ಲಿಪ್ ಮಾಡಿ, ಅಂದರೆ ಕೆಳಗಿನ ಲೇಯರಿನ ಆಕಾರದೊಳಗೆ ಮಾತ್ರ ಕಾಣುವಂತೆ ಕಟ್ಟಿ, ಪಕ್ಕದ ಬಣ್ಣವನ್ನೇ ಆರಿಸಿ ಅಂಚಿಗೆ ಬಳಿಯಿರಿ.

ಅಂಚೂ ಚೆನ್ನಾಗಿದೆ, ಬಣ್ಣವೂ ಸರಿ. ಆದರೂ ಮನುಷ್ಯ ಅಂಟಿಸಿದ ಹಾಗೇ ಕಾಣುತ್ತಾನೆ. ಏನು ತಪ್ಪು?

ಬಹುಪಾಲು ದಿಗಂತದ ತಪ್ಪು. ಎಲ್ಲರೂ ಬಣ್ಣವನ್ನೇ ತಿದ್ದುತ್ತ ಕೂರುತ್ತಾರೆ, ಇದನ್ನು ಯಾರೂ ನೋಡುವುದಿಲ್ಲ.

ಸಮತಟ್ಟಾದ ನೆಲದಲ್ಲಿ ಕ್ಯಾಮೆರಾ ಎಷ್ಟು ಎತ್ತರದಲ್ಲಿತ್ತೋ, ದಿಗಂತದ ಗೆರೆ ಎಲ್ಲ ವಸ್ತುಗಳನ್ನೂ ಅಷ್ಟೇ ಎತ್ತರದಲ್ಲಿ ಹಾದುಹೋಗುತ್ತದೆ, ಹತ್ತಿರ ಇರಲಿ, ದೂರ ಇರಲಿ. ನಿಂತವನ ಕಣ್ಣಿನ ಮಟ್ಟದಿಂದ ತೆಗೆದ ಫೋಟೋದಲ್ಲಿ, ಅದೇ ಎತ್ತರದ ಎಲ್ಲರ ಕಣ್ಣುಗಳೂ ದಿಗಂತದ ಮೇಲೆಯೇ ಇರುತ್ತವೆ. ಹಿನ್ನೆಲೆಯಲ್ಲಿರುವವರ ಎದೆಯ ಮೇಲೆ ಗೆರೆ ಹಾದಿದ್ದರೆ ನೀವು ತಂದು ನಿಲ್ಲಿಸುವವನ ಎದೆಯ ಮೇಲೂ ಅದು ಹಾಯಬೇಕು. ಅವನನ್ನು ಹಿಂದಕ್ಕೆ ಸರಿಸಿದಷ್ಟೂ ಚಿಕ್ಕವನಾಗುತ್ತಾನೆ, ಗೆರೆ ಮಾತ್ರ ಎದೆ ಬಿಟ್ಟು ಕದಲುವುದಿಲ್ಲ. ದಿಗಂತ ಕಾಣದ ಜಾಗದಲ್ಲಿ ಕಿಟಕಿ, ಗೋಡೆಯಂಥವುಗಳ ಅಂಚಿನಲ್ಲಿ ನೆಲಕ್ಕೆ ಸಮಾನಾಂತರವಾಗಿ, ಒಂದೇ ದಿಕ್ಕಿಗೆ ಓಡುವ ಗೆರೆಗಳನ್ನು ಮುಂದಕ್ಕೆಳೆದು, ಅವು ಕೂಡುವ ಬಿಂದುವಿನಲ್ಲಿ ಗೆರೆ ಹಾಕಿಕೊಳ್ಳಿ. ನಾನು ಪ್ರತಿ ಫೈಲಿನಲ್ಲೂ ಮೊದಲ ಲೇಯರ್ ಆಗಿ ಒಂದು ಕೆಂಪು ಅಡ್ಡಗೆರೆ ಎಳೆದಿಟ್ಟುಕೊಳ್ಳುತ್ತೇನೆ.

ಇದರ ಜೊತೆಗೆ ದೂರದ ವಿಷಯವೂ ಇದೆ. ಮುಖದ ಹತ್ತಿರ ಹೋಗಿ ತೆಗೆದರೆ ಮೂಗು ದೊಡ್ಡದು, ಕಿವಿ ಚಿಕ್ಕದು. ಇದಕ್ಕೆ ಕಾರಣ ಲೆನ್ಸ್ ಅಲ್ಲ, ಎಷ್ಟು ದೂರದಿಂದ ತೆಗೆದಿರಿ ಅನ್ನುವುದು. ಒಂದು ಮೀಟರಿನಿಂದ ತೆಗೆದವನನ್ನು ಚಿಕ್ಕದು ಮಾಡಿ ಇಪ್ಪತ್ತು ಮೀಟರ್ ಆಚೆಗೆ ನಿಲ್ಲಿಸಿದರೆ ಗೊಂಬೆಯಂತೆ ಕಾಣುತ್ತಾನೆ. ಇದನ್ನು ಸಾಫ್ಟ್‌ವೇರಿನಲ್ಲಿ ತಿದ್ದುವ ಬದಲು ಇನ್ನೊಂದು ಸಲ ಫೋಟೋ ತೆಗೆಯುವುದೇ ಮೇಲು.

ದಿಗಂತವೂ ಸರಿಯಿದ್ದರೆ ಕಪ್ಪನ್ನು ನೋಡಿ. ದೂರದ ಬೆಟ್ಟದಲ್ಲಿ ಅಪ್ಪಟ ಕಪ್ಪು ಇರುವುದಿಲ್ಲ, ನಡುವಿನ ಗಾಳಿ ಅದನ್ನು ತೆಳು ನೀಲಿ ಮಾಡಿರುತ್ತದೆ. ದೂರದಲ್ಲಿ ನಿಲ್ಲಿಸಿದವನ ಕೂದಲು ಮಾತ್ರ ಕಡುಕಪ್ಪಾಗಿದ್ದರೆ ಅವನು ಪರದೆಯ ಮೇಲೆ ಅಂಟಿಕೊಂಡ ಹಾಗಿರುತ್ತಾನೆ. ಕರ್ವ್ಸ್‌ನಲ್ಲಿ ಕಪ್ಪು ತುದಿಯನ್ನು ಸ್ವಲ್ಪ ಮೇಲೆತ್ತಿ.

ನೆರಳು ಮಾಡುವುದು ಹೇಗೆ?

ಇದೊಂದು ಪ್ರಶ್ನೆಗೆ ಉತ್ತರ ಉದ್ದವಾಗುತ್ತದೆ. ಮೊದಲು ನನ್ನದೇ ಎಡವಟ್ಟು ಹೇಳಿಬಿಡುತ್ತೇನೆ.

ಮೋಡದ ಚಿತ್ರಕ್ಕೆ ಮೂಲ ಫೋಟೋ ತೆಗೆಯುವಾಗ ತಂತಿಯ ಮೇಲಿದ್ದದ್ದು ಬಿಳಿ ಬೆಡ್‌ಶೀಟು. ಅದನ್ನು ನೀಟಾಗಿ ತೆಗೆದೆ, ಮೋಡ ಕೂರಿಸಿದೆ, ಎರಡು ರಾತ್ರಿ ಕೂತು ಅಂಚು ತಿದ್ದಿದೆ, ಎಲ್ಲರಿಗೂ ಕಳಿಸಿದೆ. ಬಂದ ಹೊಗಳಿಕೆಗೆ ಉಬ್ಬಿಹೋಗಿದ್ದಾಗ ತಂಗಿಯ ಮಗಳು ಕೇಳಿದಳು, "ಮಾಮ, ಮೋಡದ ನೆರಳು ಯಾಕೆ ಚೌಕ ಇದೆ?" ನೋಡಿದರೆ ನೆಲದ ಮೇಲೆ ಬೆಡ್‌ಶೀಟಿನ ನೆರಳು ಹಾಗೇ ಬಿದ್ದಿದೆ! ಅವಳಿಗೆ ಆಗ ಏಳು ವರ್ಷ.

ಈಗ ಕೆಲಸಕ್ಕೆ ಬರೋಣ. ನೆರಳಿನಲ್ಲಿ ಎರಡು ಬಗೆ ಇದೆ, ಎರಡೂ ಬೇಕು. ಒಂದು, ವಸ್ತು ನೆಲಕ್ಕೆ ತಾಗುವ ಕಡೆ ಇರುವ ತೆಳ್ಳನೆಯ ಕಡುಗಪ್ಪು. ಚಪ್ಪಲಿಯ ಅಡಿಯ ಸಂದಿ ಅಂದುಕೊಳ್ಳಿ, ಅಲ್ಲಿಗೆ ಯಾವ ಕಡೆಯಿಂದಲೂ ಬೆಳಕು ನುಗ್ಗದು. ಇದು ಎರಡು ಮೂರು ಪಿಕ್ಸೆಲ್ ಇದ್ದರೂ ಸರಿಯೆ, ಇಲ್ಲದಿದ್ದರೆ ಮನುಷ್ಯ ತೇಲುತ್ತಾನೆ. ಮೋಡ ಕವಿದ ದಿನದ ಚಿತ್ರದಲ್ಲಿ ಇದೊಂದೇ ಸಾಕಾಗುವುದೂ ಉಂಟು.

ಇನ್ನೊಂದು, ಬಿಸಿಲಿಗೆ ಚಾಚಿಕೊಳ್ಳುವ ನೆರಳು. ವಸ್ತುವಿನ ಲೇಯರನ್ನು ನಕಲು ಮಾಡಿ, ಒಂದೇ ಬಣ್ಣ ತುಂಬಿ, ಡಿಸ್ಟಾರ್ಟ್‌ನಲ್ಲಿ ನೆಲಕ್ಕೆ ಮಲಗಿಸಿ, ಬ್ಲೆಂಡ್ ಮೋಡ್ ಅನ್ನು ಕೆಳಗಿನದನ್ನು ಕಪ್ಪಾಗಿಸುವ ಮಲ್ಟಿಪ್ಲೈಗೆ ಬದಲಿಸಿ. ಇಲ್ಲಿಯವರೆಗೆ ಎಲ್ಲರೂ ಮಾಡುತ್ತಾರೆ. ಎಡವುವುದು ಮುಂದಿನ ಹೆಜ್ಜೆಯಲ್ಲಿ, ಇಡೀ ನೆರಳಿಗೆ ಒಂದೇ ಬ್ಲರ್ ಹಾಕುತ್ತಾರೆ. ಸೂರ್ಯ ಬಿಂದುವಲ್ಲ, ನಮ್ಮ ಕಣ್ಣಿಗೆ ಸುಮಾರು ಅರ್ಧ ಡಿಗ್ರಿ ಅಗಲದ ತಟ್ಟೆ. ಅದಕ್ಕೇ ನೆರಳಿನ ಅಂಚು ವಸ್ತುವಿನಿಂದ ದೂರ ಹೋದಷ್ಟೂ ಮಸುಕಾಗುತ್ತದೆ, ಪ್ರತಿ ಮೀಟರಿಗೆ ಹೆಚ್ಚುಕಡಿಮೆ 9 ಮಿಲಿಮೀಟರಿನಷ್ಟು. ಸೂರ್ಯ 30 ಡಿಗ್ರಿ ಮೇಲಿದ್ದಾಗ 1.7 ಮೀಟರ್ ಎತ್ತರದವನ ತಲೆಗೂ ಅದರ ನೆರಳಿಗೂ 3.4 ಮೀಟರ್ ಅಂತರ. ಅಂದರೆ ಕಾಲ ಬುಡದಲ್ಲಿ ಚಾಕುವಿನಂತಿರುವ ಅಂಚು ತಲೆಯ ಹತ್ತಿರ ಸುಮಾರು 3 ಸೆಂಟಿಮೀಟರ್ ಮಸುಕಾಗಿರುತ್ತದೆ. ಫೋಟೋಶಾಪಿನ ಫೀಲ್ಡ್ ಬ್ಲರ್‌ನಲ್ಲಿ ಕಾಲಿಗೊಂದು, ತಲೆಗೊಂದು ಪಿನ್ ಇಟ್ಟರೆ ಇದು ಬರುತ್ತದೆ. ಅದಿಲ್ಲದ ಕಡೆ ಎರಡು ನೆರಳು ಮಾಡಿ, ಒಂದನ್ನು ಮಸುಕು ಮಾಡಿ, ಕಪ್ಪಿನಿಂದ ಬಿಳಿಗೆ ನಿಧಾನವಾಗಿ ತಿರುಗುವ ಗ್ರೇಡಿಯೆಂಟ್ ಮಾಸ್ಕ್‌ನಲ್ಲಿ ಕೂಡಿಸಿ.

ನೆರಳಿಗೆ ಕಪ್ಪು ತುಂಬಬೇಡಿ. ಬಿಸಿಲು ತಡೆದರೂ ಆಕಾಶದ ಬೆಳಕು ಬೀಳುತ್ತಲೇ ಇರುತ್ತದೆ, ಹೊರಾಂಗಣದ ನೆರಳು ನೀಲಿಗೆ ತಿರುಗುವುದು ಅದಕ್ಕೇ. ಅದೇ ಫೋಟೋದಲ್ಲಿರುವ ನಿಜವಾದ ನೆರಳಿನ ಪಕ್ಕದಲ್ಲಿಟ್ಟು ಬಣ್ಣವನ್ನೂ ಗಾಢತೆಯನ್ನೂ ಹೊಂದಿಸಿ.

ಬೆಂಕಿ, ಹೊಗೆ, ಮಳೆ?

ಕಪ್ಪು ಹಿನ್ನೆಲೆಯಲ್ಲಿ ತೆಗೆದ ಫೋಟೋ ತಂದು ಸ್ಕ್ರೀನ್ ಅನ್ನುವ ಬ್ಲೆಂಡ್ ಮೋಡ್ ಹಾಕಿ. ಕಪ್ಪು ತಾನೇ ಮಾಯವಾಗುತ್ತದೆ, ಕತ್ತರಿಸುವ ಕೆಲಸವೇ ಇಲ್ಲ. ಬೆಂಕಿ ಹಾಕಿದ ಮೇಲೆ ಅದರ ಕೆಂಬಣ್ಣವನ್ನು ಪಕ್ಕದವರ ಮುಖಕ್ಕೂ ಬಳಿಯಬೇಕು, ಹತ್ತಿರದವರಿಗೆ ಹೆಚ್ಚು, ದೂರದವರಿಗೆ ತೀರಾ ಕಡಿಮೆ. ದೂರ ಎರಡರಷ್ಟಾದರೆ ಬೆಳಕು ಕಾಲುಭಾಗಕ್ಕೆ ಇಳಿಯುತ್ತದೆ.

ನೀರಿನಲ್ಲಿ ಪ್ರತಿಬಿಂಬ ಬೇಕೆಂದರೆ ಚಿತ್ರವನ್ನು ತಲೆಕೆಳಗು ಮಾಡಿದರೆ ಸಾಕಲ್ಲವೇ?

ದೂರದ ಬೆಟ್ಟಕ್ಕೆ ಸಾಕು. ಹತ್ತಿರದ ವಸ್ತುವಿಗೆ ಸಾಲದು. ನೀರು ಕೆಳಗಿನಿಂದ ನೋಡುತ್ತದೆ, ದೋಣಿಯ ಅಡಿಭಾಗ, ಸೇತುವೆಯ ತಳ, ಬಗ್ಗಿದವನ ಗಲ್ಲ ಅದಕ್ಕೆ ಕಾಣುತ್ತದೆ. ಹಾಗಾಗಿ ಕೆಳಗಿನಿಂದ ತೆಗೆದ ಇನ್ನೊಂದು ಫೋಟೋ ಬೇಕು. ಪ್ರತಿಬಿಂಬವನ್ನು ಮೂಲಕ್ಕಿಂತ ಒಂದಿಷ್ಟು ಮಂಕಾಗಿಸಿ, ಅಲೆಯಿದ್ದರೆ ಮೇಲಿಂದ ಕೆಳಕ್ಕೆ ಎಳೆಯಿರಿ.

ಎಲ್ಲ ತುಣುಕಿನ ಬಣ್ಣ ಒಂದೇ ಹದಕ್ಕೆ ತರುವುದು ಹೇಗೆ?

ಬಣ್ಣಕ್ಕಿಂತ ಮೊದಲು ಬೆಳಕು. ಎಲ್ಲಕ್ಕಿಂತ ಮೇಲೊಂದು ಬ್ಲ್ಯಾಕ್ ಅಂಡ್ ವೈಟ್ ಅಡ್ಜಸ್ಟ್‌ಮೆಂಟ್ ಲೇಯರ್ ಇಟ್ಟು, ಬಣ್ಣವಿಲ್ಲದೆ ನೋಡಿ. ಯಾವ ತುಣುಕು ಎದ್ದು ಕಾಣುತ್ತದೋ ಅದಕ್ಕೆ ಕರ್ವ್ಸ್ ಕ್ಲಿಪ್ ಮಾಡಿ ತಿದ್ದಿ. ಆಮೇಲೆ ಆ ಬ್ಲ್ಯಾಕ್ ಅಂಡ್ ವೈಟ್ ಲೇಯರ್ ಆಫ್ ಮಾಡಿ ಬಣ್ಣಕ್ಕೆ ಬನ್ನಿ. ಕೊನೆಯಲ್ಲಿ ಇಡೀ ಚಿತ್ರದ ಮೇಲೆ ಒಂದೇ ಬಣ್ಣದ ತೆಳು ಪದರ, ಒಂದೇ ಗ್ರೇನ್, ಅಂದರೆ ಫೋಟೋದಲ್ಲಿ ಕಾಣುವ ಸಣ್ಣ ತರಿ. ಗ್ರೇನ್ ಮರೆಯಬೇಡಿ, ಒಂದು ತುಣುಕು ನುಣ್ಣಗೆ, ಇನ್ನೊಂದು ತರಿತರಿ ಇದ್ದರೆ ಕಣ್ಣು ಅಲ್ಲೇ ಸಿಕ್ಕಿಕೊಳ್ಳುತ್ತದೆ.

ಫೈಲ್ ಎಷ್ಟು ದೊಡ್ಡದಿರಬೇಕು?

ಪ್ರಿಂಟ್ ಹಾಕಿಸುವ ಯೋಚನೆ ಇದ್ದರೆ ಇಂಚಿಗೆ 300 ಪಿಕ್ಸೆಲ್. ಎ3 ಹಾಳೆಗೆ ಅದು 3508 ಗುಣಿಸು 4961 ಪಿಕ್ಸೆಲ್ ಆಗುತ್ತದೆ, 8 ಬಿಟ್‌ನಲ್ಲಿ ತುಂಬಿದ ಒಂದೊಂದು ಲೇಯರಿಗೆ ಸುಮಾರು 50 ಎಂಬಿ ಮೆಮೊರಿ. ನಲವತ್ತು ಲೇಯರ್ ದಾಟಿದ ಮೇಲೆ ಕಂಪ್ಯೂಟರ್ ಏದುಸಿರು ಬಿಡುವುದು ಸಹಜ. ಫೋಟೋಶಾಪಿನ ಪಿಎಸ್‌ಡಿ ಫೈಲ್ 2 ಜಿಬಿ ಮೀರುವ ಹಾಗಿಲ್ಲ, ಮೀರಿದರೆ ದೊಡ್ಡ ಫೈಲುಗಳಿಗಿರುವ ಪಿಎಸ್‌ಬಿ ಆಗಿ ಉಳಿಸಿ. ಆಕಾಶ ಹೆಚ್ಚಿರುವ ಚಿತ್ರವನ್ನು 16 ಬಿಟ್‌ನಲ್ಲಿ ಮಾಡಿ. 8 ಬಿಟ್‌ನಲ್ಲಿ ಒಂದು ಚಾನೆಲ್‌ಗೆ 256 ಹಂತಗಳಷ್ಟೇ, ಹೆಚ್ಚು ಎಳೆದಾಡಿದರೆ ಆಕಾಶದಲ್ಲಿ ಪಟ್ಟೆ ಬೀಳುತ್ತದೆ.

ಈಗ ಎಐಗೆ ಹೇಳಿದರೆ ಅರ್ಧ ನಿಮಿಷದಲ್ಲಿ ಮಾಡಿಕೊಡುತ್ತದಲ್ಲ, ಇಷ್ಟೆಲ್ಲ ಯಾಕೆ?

ಮಾಡಿಕೊಡುತ್ತದೆ. ನಾನೂ ಅಂಚಿನಲ್ಲಿ ಸ್ವಲ್ಪ ನೆಲ ಬೆಳೆಸಲು, ವಿದ್ಯುತ್ ಕಂಬ ತೆಗೆಯಲು ಬಳಸುತ್ತೇನೆ. ಆದರೆ ಕ್ಲಿಪ್ ಮೋಡವನ್ನು ಎಷ್ಟು ಆಳಕ್ಕೆ ಕಚ್ಚಬೇಕು ಅಂತ ಒಂದು ಸಂಜೆಯಿಡೀ ತಲೆಕೆಡಿಸಿಕೊಳ್ಳುವುದಿದೆಯಲ್ಲ, ನನಗೆ ಈ ಕೆಲಸ ಹಿಡಿಸಿದ್ದೇ ಅದಕ್ಕೆ. ಅದನ್ನು ಬೇರೆಯವರ ಕೈಗೆ ಕೊಟ್ಟು ನಾನೇನು ಮಾಡಲಿ? ಸ್ಪರ್ಧೆಗೆ ಕಳಿಸುವವರು ಮಾತ್ರ ನಿಯಮ ಓದಿಕೊಳ್ಳಿ, ಎಐ ತುಣುಕು ಒಪ್ಪದ ಕಡೆಗಳಿವೆ.

ಇದು ಜನರಿಗೆ ಮೋಸ ಮಾಡಿದ ಹಾಗಲ್ಲವೇ?

ಮೋಡ ತಂತಿಗೆ ನೇತಾಡುವುದನ್ನು ನೋಡಿ ಯಾರೂ ಮೋಸ ಹೋಗುವುದಿಲ್ಲ. ತೊಂದರೆ ಇರುವುದು ನಂಬಬಹುದಾದ ಸುಳ್ಳಿನಲ್ಲಿ. 1917ರಲ್ಲಿ ಇಂಗ್ಲೆಂಡಿನ ಕಾಟಿಂಗ್ಲೀಯಲ್ಲಿ ಇಬ್ಬರು ಹುಡುಗಿಯರು ಕಾಗದದಲ್ಲಿ ಕತ್ತರಿಸಿದ ಕಿನ್ನರಿಯರ ಚಿತ್ರಗಳನ್ನು ಗಿಡಗಳ ನಡುವೆ ನಿಲ್ಲಿಸಿ ಫೋಟೋ ತೆಗೆದರು. ಷರ್ಲಾಕ್ ಹೋಮ್ಸ್ ಕತೆ ಬರೆದ ಆರ್ಥರ್ ಕಾನನ್ ಡಾಯ್ಲ್‌ನಂಥವರೇ ನಂಬಿಬಿಟ್ಟರು. ಅವು ಕಾಗದದವು ಅಂತ ಆ ಹುಡುಗಿಯರು ಒಪ್ಪಿಕೊಂಡದ್ದು 1980ರ ದಶಕದಲ್ಲಿ, ಮುದುಕಿಯರಾದ ಮೇಲೆ. ಸುದ್ದಿ, ಅಪಘಾತ, ನಿಜವಾದ ವ್ಯಕ್ತಿಗಳ ಮುಖ, ಇವುಗಳಲ್ಲಿ ಕೈಯಾಡಿಸಬೇಡಿ. ಉಳಿದ ಕಡೆ ಕೆಳಗೆ ಕಾಂಪೋಸಿಟ್ ಅಂತ ಬರೆದರೆ ಚಿತ್ರದ ಬೆಲೆಯೇನೂ ಕಡಿಮೆಯಾಗುವುದಿಲ್ಲ.

ಮುಗಿಯಿತು ಅಂತ ಗೊತ್ತಾಗುವುದು ಹೇಗೆ?

ಚಿತ್ರವನ್ನು ಎಡಬಲ ತಿರುಗಿಸಿ. ಹೊಸ ಚಿತ್ರದಂತೆ ಕಾಣುತ್ತದೆ, ಅದುವರೆಗೆ ಒಗ್ಗಿಹೋಗಿದ್ದ ತಪ್ಪುಗಳು ಕಣ್ಣಿಗೆ ರಾಚುತ್ತವೆ. ಹೆಬ್ಬೆರಳಿನಷ್ಟು ಚಿಕ್ಕದು ಮಾಡಿಯೂ ನೋಡಿ. ಆಮೇಲೆ ಎರಡು ದಿನ ತೆರೆಯಬೇಡಿ. ಇಷ್ಟಾದ ಮೇಲೂ ಧೈರ್ಯ ಬರದಿದ್ದರೆ ಏಳು ವರ್ಷದವರು ಯಾರಾದರೂ ಮನೆಯಲ್ಲಿದ್ದರೆ ತೋರಿಸಿ.

ಆ ಮೋಡದ ಚಿತ್ರದ ಪಿಎಸ್‌ಡಿ ಫೈಲ್ ಕಳಿಸುತ್ತೀರಾ? ಲೇಯರ್ ನೋಡಿ ಕಲಿಯುತ್ತೇನೆ.

ಕಳಿಸಬಹುದಿತ್ತು. 61 ಲೇಯರ್ ಇವೆ, ಹೆಸರಿಟ್ಟಿರುವುದು ನಾಲ್ಕಕ್ಕೆ. ಉಳಿದವು "ಲೇಯರ್ 23 ಕಾಪಿ 2", "ಹೊಸದು", "ಹೊಸದು ಇದೇ" ಅಂತಿವೆ. "ಮುಟ್ಟಬೇಡ" ಅಂತ ಇನ್ನೊಂದಿದೆ. ಅದು ಯಾಕೆ ಅಲ್ಲಿದೆ ಅಂತ ಈಗ ನನಗೂ ನೆನಪಿಲ್ಲ, ಆಫ್ ಮಾಡಿದರೆ ಮಾತ್ರ ಎಡಗಡೆಯ ಮೋಡ ಬಿದ್ದುಹೋಗುತ್ತದೆ.